ಯಕೃತ್ತಿನ ಕುರುವಿನಲ್ಲಿ ಔಷಧ ನಿರೋಧಕ ಕ್ಲೆಬ್ಸಿಯೆಲ್ಲಾ: ಕೀವು ತೆಗೆದ ಮೇಲೂ ಇಷ್ಟು ದೀರ್ಘ ಚಿಕಿತ್ಸೆ ಏಕೆ?

ಪ್ರಶ್ನೆ: ಹಸಿರಂಚು

ನನ್ನ ತಂದೆಯವರಿಗೆ ಅರವತ್ತು ದಾಟಿದೆ, ಹಲವು ವರ್ಷಗಳಿಂದ ಮಧುಮೇಹವಿದೆ. ನಡುಕ ಹುಟ್ಟಿಸುವ ಚಳಿಜ್ವರ, ಬಲಪಕ್ಕೆಲುಬಿನ ಕೆಳಗೆ ನೋವು, ಊಟ ಸೇರದಿರುವುದು ಎಲ್ಲವೂ ಒಟ್ಟಿಗೆ ಕಾಣಿಸಿಕೊಂಡಾಗ ಆಸ್ಪತ್ರೆಗೆ ಸೇರಿಸಿದೆವು. ಅಲ್ಟ್ರಾಸೌಂಡ್‌ನಲ್ಲಿ ಯಕೃತ್ತಿನ ಬಲಹಾಲೆಯಲ್ಲಿ ಸುಮಾರು 7 ಸೆಂ.ಮೀ. ಅಗಲದ ಕೀವಿನ ಕುರು ಇರುವುದು ತಿಳಿಯಿತು. ಮೊದಲು ಸೆಫ್ಟ್ರಿಯಾಕ್ಸೋನ್ ಮತ್ತು ಮೆಟ್ರೊನಿಡಜೋಲ್ ಕೊಟ್ಟರು. ಜ್ವರ ಇಳಿದಂತೆ ತೋರಿ ಮತ್ತೆ ಏರಿತು. ಆಮೇಲೆ ಕೊಳವೆ ಹಾಕಿ ಕೀವನ್ನು ಹೊರತೆಗೆದು ಕಲ್ಚರ್‌ಗೆ (ಜೀವಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆಗೆ) ಕಳುಹಿಸಿದಾಗ ‘ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ, ಇಎಸ್‌ಬಿಎಲ್ ಉತ್ಪಾದಕ’ ಎಂಬ ವರದಿ ಬಂತು. ಈಗ ಮೆರೊಪೆನೆಮ್ ನಡೆಯುತ್ತಿದೆ, ಜ್ವರ ನಿಂತಿದೆ, ಊಟವೂ ಸ್ವಲ್ಪ ಸೇರುತ್ತಿದೆ.

ಚಿಕಿತ್ಸೆ ನೀಡುತ್ತಿರುವ ವೈದ್ಯರ ಮೇಲೆ ನಮಗೆ ನಂಬಿಕೆಯಿದೆ. ಅವರ ನಿರ್ಧಾರಗಳನ್ನು ಇಲ್ಲಿ ಪರೀಕ್ಷೆಗೆ ಒಡ್ಡುವುದು ನನ್ನ ಉದ್ದೇಶವಲ್ಲ. ಅವುಗಳ ಹಿಂದಿನ ಕಾರಣ ತಿಳಿಯಬೇಕೆಂಬುದಷ್ಟೇ ಆಸೆ. ವರದಿಯಲ್ಲಿ ಪಿಪೆರಾಸಿಲಿನ್-ಟ್ಯಾಜೊಬ್ಯಾಕ್ಟಮ್ ಎದುರಿಗೆ ‘ಎಸ್’ (ಈ ಔಷಧಕ್ಕೆ ಜೀವಾಣು ಬಗ್ಗುತ್ತದೆ) ಎಂದೇ ಬರೆದಿದ್ದರೂ ಅದನ್ನು ಬಿಟ್ಟು ಇನ್ನೂ ಪ್ರಬಲವಾದ ಔಷಧವನ್ನು ಆರಿಸಿದ್ದೇಕೆ? ಕೀವು ಹೊರಬಂದಾಗಿದೆ, ಜ್ವರವೂ ಇಲ್ಲ, ಆದರೂ ಒಟ್ಟು ನಾಲ್ಕರಿಂದ ಆರು ವಾರ ಔಷಧ ಬೇಕೆನ್ನುತ್ತಾರೆ. ಅಷ್ಟೂ ಕಾಲ ಚುಚ್ಚುಮದ್ದೇ ಆಗಬೇಕೆ? ಮದ್ಯ ಮುಟ್ಟದ, ಹಿಂದೆಂದೂ ಯಕೃತ್ತಿನ ಕಾಯಿಲೆಯಿಲ್ಲದ ವ್ಯಕ್ತಿಗೆ ಇದು ಎಲ್ಲಿಂದ ಬಂದಿರಬಹುದು? ಮೊನ್ನೆಯ ಸ್ಕ್ಯಾನ್‌ನಲ್ಲಿ ಕುಳಿ ಇನ್ನೂ ಕಾಣುತ್ತಿರುವುದರಿಂದ ಮನೆಯವರಿಗೆಲ್ಲ ಆತಂಕವಾಗಿದೆ.

ಉತ್ತರ: ಅಗರ್ ತಟ್ಟೆ

ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನಾದ್ದರಿಂದ ವರದಿಗೆ ಸಂಬಂಧಿಸಿದ ಭಾಗಕ್ಕಷ್ಟೇ ಉತ್ತರಿಸುತ್ತೇನೆ. ಉಳಿದದ್ದನ್ನು ವೈದ್ಯರು ಹೇಳಲಿ.

ಸೆಫ್ಟ್ರಿಯಾಕ್ಸೋನ್, ಸೆಫೊಟ್ಯಾಕ್ಸಿಮ್ ಮುಂತಾದ ಮೂರನೆಯ ತಲೆಮಾರಿನ ಸೆಫಲೊಸ್ಪೊರಿನ್‌ಗಳನ್ನು ಒಡೆದುಹಾಕುವ ಕಿಣ್ವಗಳ ಗುಂಪಿಗೆ ಇಎಸ್‌ಬಿಎಲ್ ಎಂದು ಹೆಸರು. ಇವುಗಳ ಜೀನ್‌ಗಳು ಬಹುಪಾಲು ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರಗಳ ಮೇಲಿರುವುದರಿಂದ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುತ್ತವೆ, ದಾಟುವಾಗ ಬೇರೆ ಔಷಧಗಳಿಗೆ ನಿರೋಧಕತೆ ತರುವ ಜೀನ್‌ಗಳನ್ನೂ ಜೊತೆಗೆ ಒಯ್ಯುತ್ತವೆ. ಇಎಸ್‌ಬಿಎಲ್ ಇರುವ ತಳಿಗೆ ಸಿಪ್ರೊಫ್ಲಾಕ್ಸಸಿನ್ ಸಹ ನಾಟದಿರುವುದನ್ನು ನಾವು ಮತ್ತೆ ಮತ್ತೆ ಕಾಣುವುದು ಇದರಿಂದಲೇ. ಟ್ಯಾಜೊಬ್ಯಾಕ್ಟಮ್ ಈ ಕಿಣ್ವವನ್ನು ತಡೆಯಬಲ್ಲದು. ಹಾಗಾಗಿ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ‘ಎಸ್’ ಎಂಬ ಉತ್ತರ ಬರುವುದು ಅಪರೂಪವೇನಲ್ಲ.

ಆದರೆ ಆ ‘ಎಸ್’ ಯಾವ ಸ್ಥಿತಿಯಲ್ಲಿ ಬಂದದ್ದು ಎಂಬುದನ್ನು ಗಮನಿಸಬೇಕು. ನಾವು ಪರೀಕ್ಷೆಗೆ ಬಳಸುವುದು ನಿಗದಿತ, ಸಾಕಷ್ಟು ಕಡಿಮೆ ಸಂಖ್ಯೆಯ ಬ್ಯಾಕ್ಟೀರಿಯಾಗಳನ್ನು. ಅವು ಬೆಳೆಯುವುದು ಗಾಳಿಯಾಡುವ, ತಟಸ್ಥ ಪಿಎಚ್ ಇರುವ, ಪೋಷಕಾಂಶ ತುಂಬಿದ ಮಾಧ್ಯಮದಲ್ಲಿ. ಕುರುವಿನ ಒಳಗೆ ಇವುಗಳಲ್ಲಿ ಒಂದೂ ಇಲ್ಲ. ಅಲ್ಲಿ ಒಂದೊಂದು ಮಿಲಿಲೀಟರ್ ಕೀವಿನಲ್ಲೂ ಕೋಟಿಗಟ್ಟಲೆ ಜೀವಾಣುಗಳಿರುತ್ತವೆ, ಆಮ್ಲಜನಕ ತೀರ ಕಡಿಮೆ, ವಾತಾವರಣ ಆಮ್ಲೀಯ, ಸುತ್ತ ನಾರಿನ ಗೋಡೆ, ಒಳಗೆ ರಕ್ತನಾಳವೆಂಬುದೇ ಇಲ್ಲ. ಬ್ಯಾಕ್ಟೀರಿಯಾಗಳ ಸಂಖ್ಯೆ ಹೆಚ್ಚಿದಷ್ಟೂ ಅವು ಸ್ರವಿಸುವ ಕಿಣ್ವದ ಪ್ರಮಾಣವೂ ಹೆಚ್ಚಿ, ಒಳಸೇರಿದ ಅಲ್ಪಸ್ವಲ್ಪ ಔಷಧವೂ ಕೆಲಸಕ್ಕೆ ಮೊದಲೇ ನಾಶವಾಗುತ್ತದೆ. ಪಿಪೆರಾಸಿಲಿನ್ ಈ ಸಂಖ್ಯಾಬಲಕ್ಕೆ ಬಹಳ ಬೇಗ ಸೋಲುವ ಔಷಧ. ಇಎಸ್‌ಬಿಎಲ್ ಕಿಣ್ವವು ಕಾರ್ಬಪೆನೆಮ್ ಗುಂಪಿನ ಔಷಧಗಳನ್ನು ಒಡೆಯಲಾರದಾದ್ದರಿಂದ ಆ ಗುಂಪಿನ ಮೆರೊಪೆನೆಮ್ ಅಷ್ಟು ಸುಲಭವಾಗಿ ಸೋಲುವುದಿಲ್ಲ. ಜೆಂಟಾಮೈಸಿನ್, ಅಮಿಕಾಸಿನ್‌ಗಳ ಕಥೆ ಇನ್ನೂ ಸ್ಪಷ್ಟ: ಅವು ಬ್ಯಾಕ್ಟೀರಿಯಾದ ಒಳಹೊಗಲು ಆಮ್ಲಜನಕವೇ ಬೇಕು, ಆದ್ದರಿಂದ ವರದಿಯಲ್ಲಿ ‘ಎಸ್’ ಇದ್ದರೂ ಕೀವಿನೊಳಗೆ ಅವುಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ಇನ್ನೊಂದು ಸಂಗತಿಯೂ ಇದೆ. ಕುರುವಿನಲ್ಲಿರುವ ಜೀವಾಣುಗಳಲ್ಲಿ ಬಹಳಷ್ಟು ನಿಧಾನವಾಗಿ ವಿಭಜನೆಯಾಗುವಂಥವು, ಆದರೆ ಬೀಟಾಲ್ಯಾಕ್ಟಮ್ ಔಷಧಗಳು (ಇಲ್ಲಿ ಹೇಳಿದ ಸೆಫ್ಟ್ರಿಯಾಕ್ಸೋನ್, ಪಿಪೆರಾಸಿಲಿನ್, ಮೆರೊಪೆನೆಮ್ ಎಲ್ಲವೂ ಇವೇ) ಕೊಲ್ಲುವುದು ಗೋಡೆ ಕಟ್ಟುತ್ತಾ ಬೆಳೆಯುತ್ತಿರುವ ಜೀವಾಣುಗಳನ್ನು. ಹಾಗಾಗಿ ಔಷಧಕ್ಕೆ ಪೂರ್ತಿ ಬಗ್ಗುವ ತಳಿಯೇ ಇದ್ದರೂ ದೊಡ್ಡ ಕುರುವನ್ನು ಬರೀ ಔಷಧದಿಂದ ಗುಣಪಡಿಸುವುದು ಕಷ್ಟ. ಸೆಫ್ಟ್ರಿಯಾಕ್ಸೋನ್ ಸೋತದ್ದಕ್ಕೆ ನಿರೋಧಕತೆಯೊಂದೇ ಕಾರಣವೆಂದು ಹೇಳಲಾಗದು. ಆಗ ಕೀವು ಇನ್ನೂ ಒಳಗೇ ಇತ್ತು.

ಪಿಪೆರಾಸಿಲಿನ್ ಬಗ್ಗೆ ವೈದ್ಯರು ಹಿಂಜರಿಯುವುದಕ್ಕೆ ಆಧಾರವಾಗಿ ನಿಲ್ಲುವ ಅಧ್ಯಯನ 2018ರಲ್ಲಿ ಪ್ರಕಟವಾದ ಮೆರಿನೊ. ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದ ಇ. ಕೊಲೈ ಅಥವಾ ಕ್ಲೆಬ್ಸಿಯೆಲ್ಲಾ ರಕ್ತದಲ್ಲಿ ಸಿಕ್ಕಿದ ರೋಗಿಗಳನ್ನು ಅದರಲ್ಲಿ ಎರಡು ಗುಂಪುಗಳಾಗಿ ಮಾಡಲಾಗಿತ್ತು. 30 ದಿನಗಳಲ್ಲಿ ಸಾವಿನ ಪ್ರಮಾಣ ಪಿಪೆರಾಸಿಲಿನ್-ಟ್ಯಾಜೊಬ್ಯಾಕ್ಟಮ್ ಪಡೆದವರಲ್ಲಿ ಶೇ. 12.3, ಮೆರೊಪೆನೆಮ್ ಪಡೆದವರಲ್ಲಿ ಶೇ. 3.7. ಆ ಅಧ್ಯಯನದ ಕೆಲವು ತಳಿಗಳನ್ನು ಮತ್ತೆ ಪರೀಕ್ಷಿಸಿದಾಗ ಅವು ಪಿಪೆರಾಸಿಲಿನ್-ಟ್ಯಾಜೊಬ್ಯಾಕ್ಟಮ್‌ಗೆ ನಿಜವಾಗಿ ಬಗ್ಗುವಂಥವಾಗಿರಲೇ ಇಲ್ಲವೆಂದು ತಿಳಿದುಬಂದು ಅಂತರ ಸ್ವಲ್ಪ ಕುಗ್ಗಿತು ಎಂಬುದನ್ನೂ ಹೇಳಬೇಕು. ನನಗಂತೂ ಅದು ಮೂಲ ತೀರ್ಮಾನದಷ್ಟೇ ಮುಖ್ಯವಾದ ಪಾಠವಾಗಿ ಕಾಣುತ್ತದೆ: ಈ ಔಷಧದ ಮಟ್ಟಿಗೆ ಪ್ರಯೋಗಾಲಯದ ‘ಎಸ್’ ಅಕ್ಷರವೇ ನಂಬಲರ್ಹವಲ್ಲ.

ಕ್ಲೆಬ್ಸಿಯೆಲ್ಲಾ ಎಂಬ ಹೆಸರಿನ ಕೆಳಗೆ ಎರಡು ಬೇರೆ ಬೇರೆ ಸ್ವಭಾವದ ತಳಿಗಳಿವೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಸ್ಪತ್ರೆಗಳಲ್ಲಿ ಹರಡುವ ಸಾಮಾನ್ಯ ತಳಿ ಬಹಳ ಔಷಧಗಳಿಗೆ ಬಗ್ಗದು, ಆದರೆ ಅದು ಹೆಚ್ಚಾಗಿ ಕಾಡುವುದು ಮೊದಲೇ ದುರ್ಬಲರಾದವರನ್ನು. ಅತಿವಿಷಕಾರಿ ತಳಿಯದು ಬೇರೆ ರೀತಿ. ಅದು ಹೊರಗೆ ಓಡಾಡಿಕೊಂಡಿದ್ದ, ಹೆಚ್ಚೆಂದರೆ ಮಧುಮೇಹವಿದ್ದ ವ್ಯಕ್ತಿಯ ಯಕೃತ್ತಿನಲ್ಲಿ ಕುರು ಮಾಡಿ, ಅಲ್ಲಿಂದ ಕಣ್ಣು, ಮೆದುಳು, ಶ್ವಾಸಕೋಶಗಳಿಗೆ ಹಾರಬಲ್ಲದು. ಕಣ್ಣಿಗೂ ಸೋಂಕು ತಗುಲಿದ ಇಂಥ ರೋಗಿಗಳ ವಿವರ ತೈವಾನ್‌ನಿಂದ 1986ರಲ್ಲೇ ಪ್ರಕಟವಾಗಿತ್ತು. ಕೆ1, ಕೆ2 ಎಂದು ಗುರುತಿಸಲಾಗುವ ದಪ್ಪನೆಯ ಸಕ್ಕರೆಯ ಕವಚ ಮತ್ತು ದೇಹದ ಕಬ್ಬಿಣವನ್ನು ಕಸಿದುಕೊಳ್ಳುವ ಏರೊಬ್ಯಾಕ್ಟಿನ್‌ನಂಥ ಅಣುಗಳು ಅದರ ಬಲ. ತಟ್ಟೆಯ ಮೇಲೆ ಬೆಳೆದ ಅದರ ಗುಂಪನ್ನು ತಂತಿಯ ಕುಣಿಕೆಯಿಂದ ಮೇಲೆತ್ತಿದರೆ ಅಂಟುಪಾಕದಂತೆ 5 ಮಿ.ಮೀ.ಗಿಂತ ಉದ್ದದ ಎಳೆ ಬರುತ್ತದೆ. ಇದು ಸುಳಿವು ಮಾತ್ರ, ಖಚಿತ ಪರೀಕ್ಷೆಯಲ್ಲ. ಬಹುಕಾಲ ಈ ವಿಷಕಾರಿ ತಳಿಗಳು ಆ್ಯಂಪಿಸಿಲಿನ್ ಒಂದನ್ನು ಬಿಟ್ಟು ಉಳಿದ ಬಹುತೇಕ ಔಷಧಗಳಿಗೆ ಬಗ್ಗುತ್ತಿದ್ದವು.

ಈಗ ಆ ಎರಡು ಗುಣಗಳೂ ಒಂದೇ ಜೀವಾಣುವಿನಲ್ಲಿ ಸೇರುತ್ತಿವೆ. ಚೀನಾದ ಹಾಂಗ್‌ಝೌ ನಗರದ ಆಸ್ಪತ್ರೆಯೊಂದರಲ್ಲಿ 2016ರಲ್ಲಿ ಕಾರ್ಬಪೆನೆಮ್‌ಗೂ ಬಗ್ಗದ ಅತಿವಿಷಕಾರಿ ಕ್ಲೆಬ್ಸಿಯೆಲ್ಲಾ ಹರಡಿ ಐವರು ರೋಗಿಗಳು ತೀರಿಕೊಂಡರು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಸ್‌ಟಿ23 ಎಂಬ ವಿಷಕಾರಿ ವಂಶದ ತಳಿಗಳು ಕಾರ್ಬಪೆನೆಮೇಸ್ (ಕಾರ್ಬಪೆನೆಮ್ ಒಡೆಯುವ ಕಿಣ್ವ) ಜೀನ್ ಹೊತ್ತು ಹಲವು ದೇಶಗಳಲ್ಲಿ ಕಾಣಿಸಿಕೊಂಡಿರುವುದನ್ನು ಕುರಿತು ಎಚ್ಚರಿಕೆ ನೀಡಿತು. ನಿಮ್ಮ ತಂದೆಯವರ ತಳಿ ಆ ಹಂತದ್ದಲ್ಲ, ಏಕೆಂದರೆ ಮೆರೊಪೆನೆಮ್‌ಗೆ ಬಗ್ಗಿದೆ. ಒಂದು ವೇಳೆ ಎನ್‌ಡಿಎಮ್ ಎಂಬ ಕಾರ್ಬಪೆನೆಮೇಸ್ ಕಿಣ್ವವಿದ್ದಿದ್ದರೆ ಸೆಫ್ಟಜಿಡಿಮ್-ಅವಿಬ್ಯಾಕ್ಟಮ್ ಕೂಡ ಒಂಟಿಯಾಗಿ ಸಾಲುತ್ತಿರಲಿಲ್ಲ. ಅವಿಬ್ಯಾಕ್ಟಮ್‌ಗೆ ಎನ್‌ಡಿಎಮ್ ಅನ್ನು ತಡೆಯುವ ಶಕ್ತಿಯಿಲ್ಲ. ಅಜ್‌ಟ್ರಿಯೊನಾಮ್ ಎನ್‌ಡಿಎಮ್‌ನಿಂದ ಪಾರಾದರೂ ಅದೇ ಜೀವಾಣುವಿನ ಇಎಸ್‌ಬಿಎಲ್‌ಗೆ ಬಲಿಯಾಗುತ್ತದೆ. ಎರಡನ್ನೂ ಜೊತೆಯಾಗಿ ಕೊಟ್ಟಾಗ ಅವಿಬ್ಯಾಕ್ಟಮ್ ಇಎಸ್‌ಬಿಎಲ್ ಅನ್ನು ತಡೆದು ಅಜ್‌ಟ್ರಿಯೊನಾಮ್‌ಗೆ ದಾರಿ ಮಾಡಿಕೊಡುತ್ತದೆ. ಕೊಲಿಸ್ಟಿನ್ ಕೂಡ ಉಳಿದಿರುವ ಒಂದು ಆಯ್ಕೆಯೇ, ಆದರೆ ಅದು ಮೂತ್ರಪಿಂಡಕ್ಕೆ ಮಾಡುವ ಹಾನಿಯಿಂದಾಗಿ ಯಾರೂ ಅದನ್ನು ಸಂತೋಷದಿಂದ ಆರಿಸುವುದಿಲ್ಲ.

ಉತ್ತರ: ವಾರ್ಡ್ ಸುತ್ತು

ನಾನು ವೈದ್ಯ, ಆದರೆ ನಿಮ್ಮ ತಂದೆಯವರನ್ನು ನೋಡಿದವನಲ್ಲ. ಈ ಮಿತಿಯೊಳಗೆ ಓದಿಕೊಳ್ಳಿ.

ಎಲ್ಲಿಂದ ಬಂತು ಎಂಬ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಮರುಕಳಿಸುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಅದರ ಮೇಲೆ ನಿಂತಿದೆ. ಯಕೃತ್ತಿಗೆ ಹರಿಯುವ ರಕ್ತದ ಸುಮಾರು ಮುಕ್ಕಾಲು ಪಾಲು ಕರುಳಿನಿಂದ ಪೋರ್ಟಲ್ ಅಭಿಧಮನಿಯ ಮೂಲಕ ಬರುತ್ತದೆ, ಆದ್ದರಿಂದ ಕರುಳಿನ ಜೀವಾಣುಗಳಿಗೆ ಅದು ಮೊದಲ ನಿಲ್ದಾಣ. ಆಕ್ಸ್‌ನರ್ ಮತ್ತು ಡಿಬೇಕಿ 1938ರಲ್ಲಿ ಈ ಕಾಯಿಲೆಯ ಬಗ್ಗೆ ಪ್ರಕಟಿಸಿದ ಹೆಸರಾಂತ ವಿಮರ್ಶೆಯ ಕಾಲದಲ್ಲಿ ಅಪೆಂಡಿಕ್ಸ್ ಉರಿಯೂತವೇ ದೊಡ್ಡ ಕಾರಣವಾಗಿತ್ತು, ರೋಗಿಗಳು ಹೆಚ್ಚಾಗಿ ಯುವಕರಾಗಿದ್ದರು. ಈಗ ಪಿತ್ತನಾಳದ ಕಲ್ಲು, ಗಡ್ಡೆ, ಹಿಂದೆ ಹಾಕಿದ ಸ್ಟೆಂಟ್ ಇವು ಮುಂದೆ ಬಂದಿವೆ; ಪಿತ್ತನಾಳಕ್ಕೆ ಮತ್ತೆ ಮತ್ತೆ ಉಪಕರಣ ಹಾಕಿಸಿಕೊಂಡವರಲ್ಲಿ ಬರುವ ಕುರುಗಳಲ್ಲಿ ಔಷಧ ನಿರೋಧಕ ತಳಿಗಳ ಸಾಧ್ಯತೆ ಹೆಚ್ಚು. ಉಳಿದ ಅನೇಕರಲ್ಲಿ ಯಾವ ಮೂಲವೂ ಸಿಗುವುದಿಲ್ಲ, ಮಧುಮೇಹಿಗಳಲ್ಲಿ ಕ್ಲೆಬ್ಸಿಯೆಲ್ಲಾದಿಂದ ಬರುವ ಕುರು ಬಹುಪಾಲು ಈ ಗುಂಪಿನದು. ಮದ್ಯಕ್ಕೂ ಇದಕ್ಕೂ ನೀವು ಊಹಿಸುವಂಥ ನೇರ ನಂಟು ಇರಲೇಬೇಕೆಂದಿಲ್ಲ. ಆದರೆ ಚೇತರಿಸಿಕೊಂಡ ಮೇಲೆ ಕೊಲೊನೊಸ್ಕೋಪಿ (ದೊಡ್ಡ ಕರುಳಿನ ಒಳಗನ್ನು ಕ್ಯಾಮೆರಾದಿಂದ ನೋಡುವ ಪರೀಕ್ಷೆ) ಬೇಕೇ ಎಂದು ವೈದ್ಯರನ್ನು ಖಂಡಿತ ಕೇಳಿ. ಮೂಲ ಸಿಗದ ಕ್ಲೆಬ್ಸಿಯೆಲ್ಲಾ ಕುರುವಿನ ಹಿಂದೆ ದೊಡ್ಡ ಕರುಳಿನ ಕ್ಯಾನ್ಸರ್ ಅಡಗಿರುವ ಉದಾಹರಣೆಗಳಿವೆ, ಅದರಲ್ಲೂ ಅರವತ್ತು ದಾಟಿದವರಲ್ಲಿ ಅದನ್ನು ನೋಡದೆ ಬಿಡುವುದು ನನಗೆ ಸರಿಯೆನಿಸುವುದಿಲ್ಲ.

ಎಷ್ಟು ವಾರ ಎಂಬುದಕ್ಕೆ ಕಲ್ಲಿನಲ್ಲಿ ಕೊರೆದ ಸಂಖ್ಯೆಯಿಲ್ಲ. ಕೀವು ಚೆನ್ನಾಗಿ ಹೊರಬಂದವರಲ್ಲಿ ಒಟ್ಟು ನಾಲ್ಕು ವಾರದ ಆಸುಪಾಸು, ಹಲವು ಕೋಣೆಗಳಿರುವ ಅಥವಾ ಪೂರ್ತಿ ಖಾಲಿಯಾಗದ ಕುರುವಿನಲ್ಲಿ ಆರು ವಾರ ಅಥವಾ ಅದಕ್ಕೂ ಹೆಚ್ಚು ಎಂಬುದು ರೂಢಿಯಲ್ಲಿರುವ ಲೆಕ್ಕ. ಕೊಳವೆ ಹೊರತೆಗೆಯುವುದು ಹರಿಯುವ ದ್ರವವನ್ನು ಮಾತ್ರ. ಗೋಡೆಯ ಸುತ್ತಲಿನ ಯಕೃತ್ತಿನ ಅಂಗಾಂಶದಲ್ಲಿ ಉಳಿದ ಜೀವಾಣುಗಳನ್ನು ಮುಗಿಸಲು ಔಷಧವೇ ಬೇಕು. ಅಷ್ಟೂ ದಿನ ಚುಚ್ಚುಮದ್ದೇ ಆಗಬೇಕೆಂದಿಲ್ಲ. ಕ್ಲೆಬ್ಸಿಯೆಲ್ಲಾ ಕುರುವಿನ ರೋಗಿಗಳಲ್ಲಿ ಸಿಂಗಾಪುರದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆರಂಭದ ಚಿಕಿತ್ಸೆಯ ನಂತರ ಸಿಪ್ರೊಫ್ಲಾಕ್ಸಸಿನ್ ಮಾತ್ರೆಗೆ ಬದಲಾದವರು ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು ಮುಂದುವರಿಸಿದವರಿಗಿಂತ ಕಡಿಮೆಯೇನೂ ಗುಣವಾಗಲಿಲ್ಲ. ಆದರೆ ಆ ಫಲಿತಾಂಶ ಔಷಧಕ್ಕೆ ಬಗ್ಗುವ ತಳಿಗಳಿಗೆ ಅನ್ವಯಿಸುವಂಥದ್ದು. ಇಎಸ್‌ಬಿಎಲ್ ತಳಿಯಲ್ಲಿ ಮಾತ್ರೆಗೆ ಬದಲಿಸಲು ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಅಥವಾ ಕೊಟ್ರೈಮೊಕ್ಸಜೋಲ್ ಎದುರಿಗೆ ಸ್ಪಷ್ಟವಾಗಿ ‘ಎಸ್’ ಇರಬೇಕು. ನೈಟ್ರೊಫ್ಯುರಾಂಟಾಯಿನ್ ಮತ್ತು ಫಾಸ್ಫೊಮೈಸಿನ್ ಮಾತ್ರೆ-ಪುಡಿಗಳ ಎದುರಿಗೆ ‘ಎಸ್’ ಕಂಡರೆ ಹಿಗ್ಗಬೇಡಿ, ಅವು ಮೂತ್ರದ ಸೋಂಕಿಗೆ ಮಾತ್ರ ತಕ್ಕವು. ಯಾವ ಮಾತ್ರೆಯೂ ಹೊಂದದಿದ್ದರೆ ದಿನಕ್ಕೊಮ್ಮೆ ಕೊಡುವ ಎರ್ಟಪೆನೆಮ್ ಅನ್ನು ಮನೆಯಿಂದ ಬಂದುಹೋಗುತ್ತಾ ತೆಗೆದುಕೊಳ್ಳುವ ವ್ಯವಸ್ಥೆ ಸಾಧ್ಯ. ಕಾರ್ಬಪೆನೆಮ್ ಪಡೆಯುವವರು ಮೂರ್ಛೆ ರೋಗಕ್ಕೆ ವ್ಯಾಲ್‌ಪ್ರೊಯೇಟ್ ಸೇವಿಸುತ್ತಿದ್ದರೆ ವೈದ್ಯರಿಗೆ ತಪ್ಪದೆ ಹೇಳಬೇಕು, ರಕ್ತದಲ್ಲಿ ಅದರ ಮಟ್ಟ ಕುಸಿದುಬಿಡುತ್ತದೆ.

ಸ್ಕ್ಯಾನ್‌ನಲ್ಲಿ ಕುಳಿ ಕಾಣುವುದಕ್ಕೆ ಹೆದರಬೇಡಿ. ರೋಗಿ ಪೂರ್ತಿ ಗುಣವಾದ ಮೇಲೂ ಆ ಗುರುತು ವಾರಗಳಲ್ಲ, ಕೆಲವೊಮ್ಮೆ ತಿಂಗಳುಗಳವರೆಗೆ ಉಳಿಯುತ್ತದೆ. ಜ್ವರ, ಹಸಿವು, ತೂಕ, ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆ), ಬಿಳಿ ರಕ್ತಕಣಗಳು ಇವು ಸರಿದಾರಿಯಲ್ಲಿದ್ದು ಕುಳಿ ನಿಧಾನವಾಗಿ ಕುಗ್ಗುತ್ತಿದ್ದರೆ ಸಾಕು.

ಕೊನೆಯದಾಗಿ, ಕಣ್ಣು ಕೆಂಪಾದರೆ, ನೋವಾದರೆ ಅಥವಾ ದೃಷ್ಟಿ ಮಂಜಾದರೆ ನಾಳೆಗೆ ಬಿಡಬೇಡಿ; ಅದೇ ದಿನ ನೇತ್ರತಜ್ಞರು ನೋಡಬೇಕು. ಮೇಲಿನವರು ಹೇಳಿದ ಅತಿವಿಷಕಾರಿ ತಳಿ ಕಣ್ಣಿನೊಳಗೆ ಸೇರಿದರೆ ದೃಷ್ಟಿ ಉಳಿಸಿಕೊಳ್ಳಲು ಸಿಗುವ ಕಾಲ ಗಂಟೆಗಳ ಲೆಕ್ಕದ್ದು.

ಉತ್ತರ: ಸೂಜಿಮೊನೆ

ಸ್ಕ್ಯಾನ್ ನೋಡುತ್ತಾ ಕೊಳವೆ ಹಾಕುವ ವಿಭಾಗದವನಾಗಿ ಒಂದೆರಡು ಮಾತು ಸೇರಿಸುತ್ತೇನೆ. 3 ಸೆಂ.ಮೀ.ಗಿಂತ ಚಿಕ್ಕದಕ್ಕೆ ಔಷಧ ಮಾತ್ರ, 5 ಸೆಂ.ಮೀ. ಮೀರಿದ್ದಕ್ಕೆ ಕೊಳವೆ, ನಡುವಿನದಕ್ಕೆ ಸೂಜಿಯಿಂದ ಹೀರುವುದು ಎಂಬ ಲೆಕ್ಕವನ್ನು ಎಲ್ಲ ಕಡೆ ಹೇಳುತ್ತಾರೆ. ನಿರೋಧಕ ತಳಿಯ ಅನುಮಾನವಿದ್ದಾಗ ಈ ಅಳತೆಗಳನ್ನು ಅಷ್ಟು ಕಟ್ಟುನಿಟ್ಟಾಗಿ ಹಿಡಿದು ಕೂರಬಾರದೆಂದು ನನ್ನ ಅಭಿಪ್ರಾಯ. ಸುರಕ್ಷಿತವಾಗಿ ತಲುಪುವಂತಿದ್ದರೆ ಚಿಕ್ಕ ಕುರುವಿನಿಂದಲೂ ಒಂದಿಷ್ಟು ಕೀವು ಹೀರಿ ಕಲ್ಚರ್‌ಗೆ ಕಳುಹಿಸುವುದು ಮೇಲು. ರಕ್ತದ ಕಲ್ಚರ್‌ನಲ್ಲಿ ಜೀವಾಣು ಸಿಗುವುದು ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಮಾತ್ರ. ಉಳಿದವರಲ್ಲಿ ಯಾವ ಔಷಧ ಎಂಬ ಪ್ರಶ್ನೆಗೆ ಉತ್ತರವಿರುವುದು ಕೀವಿನಲ್ಲೇ. ಕೊಳವೆಗೆ ಜೋಡಿಸಿದ ಚೀಲದಲ್ಲಿ ದಿನಗಟ್ಟಲೆ ನಿಂತ ದ್ರವವನ್ನು ಕಲ್ಚರ್‌ಗೆ ಕಳುಹಿಸುವ ಅಭ್ಯಾಸವೂ ಕೆಲವೆಡೆ ಇದೆ. ಅದರಲ್ಲಿ ಬೆಳೆಯುವುದು ಹೆಚ್ಚಾಗಿ ಕೊಳವೆಯ ಮೇಲೆ ಮನೆಮಾಡಿದ ಜೀವಾಣುಗಳು, ಅವುಗಳನ್ನು ನಂಬಿ ಔಷಧ ಏರಿಸಿದರೆ ಹಾನಿಯೇ ಹೆಚ್ಚು.

ಕ್ಲೆಬ್ಸಿಯೆಲ್ಲಾ ಕುರುಗಳು ಹೆಚ್ಚಾಗಿ ಒಳಗೆ ಹಲವು ಕೋಣೆಗಳಾಗಿ ಒಡೆದಿರುತ್ತವೆ, ಆರಂಭದಲ್ಲಿ ಕೀವು ಪೂರ್ತಿ ದ್ರವವಾಗಿರುವುದೂ ಇಲ್ಲ. ಹಾಗಾಗಿ ಮೊದಲ ದಿನ ಕೊಳವೆಯಿಂದ ಸ್ವಲ್ಪವೇ ಬಂದರೆ ವಿಫಲವಾಯಿತೆಂದು ತಿಳಿಯಬೇಕಿಲ್ಲ. ಹರಿವು ಇದ್ದಕ್ಕಿದ್ದಂತೆ ನಿಂತು ಜ್ವರ ಮರಳಿದರೆ ಮಾತ್ರ ಕೊಳವೆ ಕಟ್ಟಿದೆಯೋ, ಸರಿದಿದೆಯೋ, ಇನ್ನೊಂದು ಕೋಣೆ ಉಳಿದಿದೆಯೋ ಎಂದು ಮೊದಲು ಸ್ಕ್ಯಾನ್ ಮಾಡಿ ನೋಡಬೇಕು. ಔಷಧ ಬದಲಿಸುವ ಯೋಚನೆ ಅದರ ನಂತರದ್ದು. ಬಂದ ದ್ರವದಲ್ಲಿ ಪಿತ್ತರಸ ಕಂಡರೆ ಪಿತ್ತನಾಳದೊಂದಿಗೆ ಸಂಪರ್ಕವಿದೆ ಎಂದರ್ಥ, ಅಂಥ ಕೊಳವೆ ಬೇಗ ತೆಗೆಯುವಂತಿಲ್ಲ.

ಪ್ರಶ್ನೆ ಕೇಳಿದವರು: ಹಸಿರಂಚು

ಮೂವರಿಗೂ ಕೃತಜ್ಞತೆಗಳು. ವರದಿಯನ್ನು ಮತ್ತೆ ತೆಗೆದು ನೋಡಿದೆ: ಸಿಪ್ರೊಫ್ಲಾಕ್ಸಸಿನ್ ‘ಆರ್’ (ಬಗ್ಗದು), ಕೊಟ್ರೈಮೊಕ್ಸಜೋಲ್ ‘ಎಸ್’, ಎರ್ಟಪೆನೆಮ್ ‘ಎಸ್’ ಎಂದಿದೆ. ತಂದೆಯವರು ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್ ತೆಗೆದುಕೊಳ್ಳುತ್ತಾರೆ. ಇನ್ನೊಂದು ಸಂದೇಹ: ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಈ ಜೀವಾಣು ಅವರಿಗೆ ಹರಡುವುದೆ? ಕರುಳಿನಿಂದಲೇ ಇದನ್ನು ಪೂರ್ತಿ ತೊಲಗಿಸುವ ಔಷಧವಿದೆಯೆ?

ಉತ್ತರ: ವಾರ್ಡ್ ಸುತ್ತು

ಟೆಲ್ಮಿಸಾರ್ಟನ್ ವಿಷಯ ಹೇಳಿದ್ದು ಒಳ್ಳೆಯದಾಯಿತು. ಕೊಟ್ರೈಮೊಕ್ಸಜೋಲ್ ಮತ್ತು ಟೆಲ್ಮಿಸಾರ್ಟನ್ ಗುಂಪಿನ ಮಾತ್ರೆ ಎರಡೂ ರಕ್ತದ ಪೊಟ್ಯಾಸಿಯಮ್ ಏರಿಸುತ್ತವೆ, ಮಧುಮೇಹದಿಂದ ಮೂತ್ರಪಿಂಡ ಸೊರಗಿದ್ದರೆ ಈ ಏರಿಕೆ ಅಪಾಯದ ಮಟ್ಟ ಮುಟ್ಟಬಹುದು. ಹಾಗೆಂದು ಅದನ್ನು ಬಳಸುವಂತೆಯೇ ಇಲ್ಲವೆಂದಲ್ಲ. ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಮ್ ಅನ್ನು ಆರಂಭಿಸಿದ ಕೆಲವೇ ದಿನಗಳಲ್ಲಿ, ಆಮೇಲೂ ಆಗಾಗ ನೋಡುತ್ತಿರಬೇಕು, ಬೇಕಿದ್ದರೆ ರಕ್ತದೊತ್ತಡದ ಮಾತ್ರೆಯನ್ನು ಅಷ್ಟು ಕಾಲ ಬದಲಿಸಬೇಕು. ಗ್ಲಿಮೆಪಿರೈಡ್‌ನಂಥ ಸಕ್ಕರೆ ಇಳಿಸುವ ಮಾತ್ರೆಗಳ ಪರಿಣಾಮವನ್ನು ಕೊಟ್ರೈಮೊಕ್ಸಜೋಲ್ ಹೆಚ್ಚಿಸಬಹುದಾದ್ದರಿಂದ ಸಕ್ಕರೆ ಕುಸಿಯದಂತೆಯೂ ಗಮನವಿರಲಿ. ಪೊಟ್ಯಾಸಿಯಮ್ ಏರಿ ಆ ಮಾತ್ರೆ ಒಗ್ಗದಿದ್ದರೆ ಎರ್ಟಪೆನೆಮ್ ಇದ್ದೇ ಇದೆ. ಇವೆರಡರ ನಡುವಿನ ಆಯ್ಕೆಯನ್ನು ಅವರ ಮೂತ್ರಪಿಂಡದ ಅಂಕಿಗಳನ್ನು ಕಂಡವರೇ ಮಾಡಬೇಕು.

ಉತ್ತರ: ಅಗರ್ ತಟ್ಟೆ

ಮಕ್ಕಳ ವಿಷಯ: ಕುರು ಅಂಟುರೋಗವಲ್ಲ. ಜೀವಾಣು ಮಾತ್ರ ಕರುಳಿನಲ್ಲಿ ನೆಲೆಸಿ, ಕೈಗಳ ಮೂಲಕ ಮನೆಯವರ ಕರುಳಿಗೂ ದಾಟಬಹುದು. ದಾಟಿದರೂ ಆರೋಗ್ಯವಂತರಲ್ಲಿ ಬಹುಪಾಲು ಯಾವ ಕಾಯಿಲೆಯನ್ನೂ ಮಾಡದೆ ಇರುತ್ತದೆ. ಶೌಚದ ನಂತರ ಮತ್ತು ಅಡುಗೆಗೆ ಮೊದಲು ಸೋಪಿನಿಂದ ಕೈ ತೊಳೆಯುವುದು, ಕೊಳವೆಯ ಚೀಲ ಮುಟ್ಟುವಾಗ ಕೈಗವಸು ಹಾಕಿಕೊಳ್ಳುವುದು ಸಾಕು. ತಟ್ಟೆ-ಲೋಟ ಬೇರೆ ಮಾಡುವುದು, ಮಕ್ಕಳನ್ನು ಅಜ್ಜನ ಹತ್ತಿರ ಬಿಡದಿರುವುದು ಅನಗತ್ಯ. ಕರುಳಿನಿಂದ ಇದನ್ನು ತೊಲಗಿಸಲೆಂದು ಔಷಧ ಕೊಡುವುದನ್ನು ಸಾಮಾನ್ಯವಾಗಿ ಶಿಫಾರಸು ಮಾಡುವುದಿಲ್ಲ, ಏಕೆಂದರೆ ಆ ಪ್ರಯತ್ನದಲ್ಲಿ ಕೊಲ್ಲಲ್ಪಡುವುದು ನಿರುಪದ್ರವಿ ಜೀವಾಣುಗಳು, ಉಳಿದುಕೊಳ್ಳುವುದು ನಿರೋಧಕ ತಳಿ. ಅದು ತಿಂಗಳುಗಟ್ಟಲೆ ಇದ್ದು ಅನೇಕರಲ್ಲಿ ತಾನಾಗಿಯೇ ಮರೆಯಾಗುತ್ತದೆ. ಈ ಅವಧಿಯಲ್ಲಿ ನೆಗಡಿ-ಕೆಮ್ಮಿಗೆಲ್ಲ ಆ್ಯಂಟಿಬಯೋಟಿಕ್ ನುಂಗಿಸಬೇಡಿ.

ಕಲ್ಚರ್ ವರದಿಯ ಪ್ರತಿಯೊಂದನ್ನು ಅವರ ಕಡತದಲ್ಲಿಟ್ಟು ಫೋನಿನಲ್ಲೂ ಒಂದು ಚಿತ್ರ ಇಟ್ಟುಕೊಳ್ಳಿ. ಮುಂದೆ ಎಂದಾದರೂ ಜ್ವರವೆಂದು ಬೇರೆ ಕಡೆ ದಾಖಲಾದರೆ, ಅಥವಾ ಪಿತ್ತನಾಳಕ್ಕೆ ಉಪಕರಣ ಹಾಕುವ ಸಂದರ್ಭ ಬಂದರೆ, ಮೊದಲ ಔಷಧವನ್ನು ಆರಿಸುವ ಮುನ್ನವೇ ಆ ವರದಿ ವೈದ್ಯರ ಕೈಯಲ್ಲಿರಬೇಕು. ಇಲ್ಲವಾದರೆ ಮತ್ತೆ ಸೆಫ್ಟ್ರಿಯಾಕ್ಸೋನ್‌ನಿಂದಲೇ ಶುರುವಾಗುವ ಸಾಧ್ಯತೆ ಹೆಚ್ಚು.